ನೆರಳಿಗೆಂದು ನೆಟ್ಟ ಬಾಳೆ

ಮಲೆನಾಡು ತನ್ನ ಹಸುರನ್ನು ಮೆಲ್ಲಮೆಲ್ಲನೆ ಸಡಿಲಿಸಿ ಬಯಲುಸೀಮೆಗೆ ದಾರಿಗೊಡುವ ತರೀಕೆರೆ, ಅಜ್ಜಂಪುರ, ಕಡೂರುಗಳ ಪ್ರಾಂತದಲ್ಲಿ, ವಿಜಯನಗರದ ಬುಕ್ಕರಾಯನ ಹೆಸರನ್ನು ಇಂದಿಗೂ ಧರಿಸಿ ನಿಂತಿರುವ ಬುಕ್ಕಾಂಬುಧಿಯಂತಹ ಊರುಗಳಲ್ಲಿ, ತೋಟವೆಂದರೆ ಮೊದಲು ಅಡಿಕೆಯ ತೋಟ. ಮಳೆಯನ್ನು ಪೂರ್ತಿಯಾಗಿ ನಂಬಲಾಗದ ಈ ನೆಲದಲ್ಲಿ ಕೆರೆಯ ನೀರನ್ನೋ ಬಾವಿಯ ನೀರನ್ನೋ ಆಶ್ರಯಿಸಿ, ವರ್ಷಾನುವರ್ಷ ಫಲವನ್ನು ಕಾಯುವ ತಾಳ್ಮೆಯುಳ್ಳವನು ಮಾತ್ರ ಅಡಿಕೆಯನ್ನು ನೆಡಬಲ್ಲನು. ಆ ಕಾಯುವಿಕೆಯ ಅವಧಿಯಲ್ಲಿ ತೋಟವನ್ನೂ ತೋಟಿಗನ ಮನೆಯನ್ನೂ ಏಕಕಾಲದಲ್ಲಿ ಪೋಷಿಸಿದ ಸಸ್ಯವೇ ಬಾಳೆ.

ಎಳೆಯ ಅಡಿಕೆಯ ಸಸಿಗೆ ನೇರವಾದ ಬಿಸಿಲು ಸಲ್ಲದು. ಇಳಿಹೊತ್ತಿನಲ್ಲಿ ನೈಋತ್ಯದಿಂದ ಬೀಳುವ ಸೂರ್ಯತಾಪಕ್ಕೆ ಅದರ ಎಲೆ ಹಳದಿಗಟ್ಟುತ್ತದೆ, ಕಾಂಡ ಸುಟ್ಟು ಬಿರಿಯುತ್ತದೆ, ಒಮ್ಮೆ ಬಿರಿದ ಮರ ಮುಂದೆಂದೂ ಚೆನ್ನಾಗಿ ಚೇತರಿಸಿಕೊಳ್ಳುವುದಿಲ್ಲ. ಆದುದರಿಂದ ಅಡಿಕೆಯ ಸಾಲುಗಳ ನಡುವೆ ಬಾಳೆಯ ಕಂದುಗಳನ್ನು ನೆಟ್ಟು, ಕೆಲವೇ ತಿಂಗಳುಗಳಲ್ಲಿ ಹರಡಿಕೊಳ್ಳುವ ಅವುಗಳ ವಿಶಾಲವಾದ ಎಲೆಗಳ ನೆರಳಿನಲ್ಲಿ ಸಸಿಗಳನ್ನು ಬೆಳೆಸುವ ಪದ್ಧತಿ ನಮ್ಮ ನಾಡಿನಲ್ಲಿ ಬಹು ಹಳೆಯದು. ಟಿಪ್ಪುವಿನ ಪತನದ ತರುವಾಯ, 1800-01ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ಇಲ್ಲಿನ ಬೇಸಾಯವನ್ನು ಸವಿಸ್ತಾರವಾಗಿ ಬರೆದಿಟ್ಟ ಫ್ರಾನ್ಸಿಸ್ ಬುಕನನ್ ಸಹ ಅಡಿಕೆಯ ತೋಟಗಳಲ್ಲಿ ಬಾಳೆಗಿದ್ದ ಈ ಸ್ಥಾನವನ್ನು ಗಮನಿಸಿದ್ದಾನೆ.

ನೆರಳಿಗೆಂದು ಬಂದ ಬಾಳೆ ಅಡುಗೆಮನೆಯನ್ನು ಹೊಕ್ಕುದು ಅದರ ಪ್ರಕೃತಿಯ ಕಾರಣದಿಂದ. ಒಂದು ಬಾಳೆ ಒಂದೇ ಸಲ ಗೊನೆಬಿಟ್ಟು ತನ್ನ ಆಯುಷ್ಯವನ್ನು ಮುಗಿಸುತ್ತದೆ. ಗೊನೆಯನ್ನು ಇಳಿಸಿದ ದಿನವೇ ಕಾಯಿ, ಮೂತಿ, ದಿಂಡು, ಎಲೆಗಳೆಲ್ಲವೂ ಒಟ್ಟಿಗೆ ಮನೆಯಂಗಳಕ್ಕೆ ಬಂದು ಬೀಳುತ್ತವೆ. ಆ ಸಮೃದ್ಧಿಯನ್ನು ಕೆಡದಂತೆ ಬಳಸುವ ಹೊಣೆ ಗೃಹಿಣಿಯದಾಗಿತ್ತು. ದಿಂಡಿನ ಕೋಸಂಬರಿ, ಮೂತಿಯ ಪಲ್ಯ, ಕಾಯಿಯ ಹುಳಿ, ಬಜ್ಜಿ, ಕಳಿತ ಹಣ್ಣಿನ ಸೀಕರಣೆ ಇವೆಲ್ಲವೂ ಆ ಹೊಣೆಯಿಂದ ಹುಟ್ಟಿದ ಜಾಣ್ಮೆಗಳು. ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳುವುದು, ಹೋಳುಗಳು ಕಪ್ಪಾಗದಂತೆ ಮಜ್ಜಿಗೆ ಬೆರೆಸಿದ ನೀರಿನಲ್ಲಿ ಮುಳುಗಿಸಿಡುವುದು ಮೊದಲಾದ ಉಪಾಯಗಳು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟಿಬಂದವು.

ಕನ್ನಡದ ಗ್ರಂಥಕರ್ತರಿಗೂ ಈ ವಿದ್ಯೆ ಅಲ್ಪವೆಂದು ತೋರಲಿಲ್ಲ. ಚಾಳುಕ್ಯರ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ವೃಕ್ಷಾಯುರ್ವೇದವನ್ನೂ ಸೂಪಶಾಸ್ತ್ರವನ್ನೂ ಒಂದೇ ಗ್ರಂಥದಲ್ಲಿ ಇರಿಸಿ, ತೋಟ ಮತ್ತು ಒಲೆ ಒಂದೇ ಜೀವನಕ್ರಮದ ಎರಡು ಅಂಗಗಳೆಂಬ ಭಾವವನ್ನು ಸಹಜವಾಗಿಯೇ ಪ್ರಕಟಿಸಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಬಾಳೆಯ ಕಾಯಿಗೂ ಹೂವಿಗೂ ಗೌರವದ ಸ್ಥಾನವಿದೆ. ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವೂ ಪಾಕಶಾಸ್ತ್ರವನ್ನು ರಾಜನೊಬ್ಬನು ಅರಿಯತಕ್ಕ ವಿಷಯವೆಂದೇ ಎಣಿಸಿತು.

ಇದೇ ಬಾಳೆ ಸಮುದ್ರವನ್ನು ದಾಟಿದ ಕಥೆಯೂ ಮನನಯೋಗ್ಯವಾದುದು. ಆಗ್ನೇಯ ಏಷ್ಯ ಮತ್ತು ನ್ಯೂಗಿನಿಯ ಪ್ರದೇಶಗಳಲ್ಲಿ ಮನುಷ್ಯನ ಕೈಗೆ ಪಳಗಿದ ಈ ಸಸ್ಯವನ್ನು ತೋಮಾಸ್ ದೆ ಬೆರ್ಲಾಂಗನೆಂಬ ಸ್ಪ್ಯಾನಿಷ್ ಪಾದ್ರಿಯು 1516ರಲ್ಲಿ ಕೆನರಿ ದ್ವೀಪಗಳಿಂದ ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಕ್ಕೆ ಒಯ್ದನೆಂದು ಅಂದಿನ ಇತಿಹಾಸಕಾರ ಒವಿಯೇದೊ ದಾಖಲಿಸಿದ್ದಾನೆ. ಅಲ್ಲಿ ಅದು ಬಡವರ, ಆಫ್ರಿಕದಿಂದ ಬಲಾತ್ಕಾರವಾಗಿ ಒಯ್ಯಲ್ಪಟ್ಟ ದಾಸರ ಮುಖ್ಯ ಆಹಾರಗಳಲ್ಲೊಂದಾಯಿತು. ಪೋರ್ಟೊರಿಕೊದ ಮನೆಗಳಲ್ಲಿ ಮಾಗಿದ ಬಾಳೆಯನ್ನು ಉದ್ದುದ್ದವಾಗಿ ಸೀಳಿ, ಕರಿದು, ಉಂಗುರದಂತೆ ಬಾಗಿಸಿ, ನಡುವೆ ಮಸಾಲೆಯ ಮಾಂಸವನ್ನು ತುಂಬಿ, ಮೊಟ್ಟೆಯಲ್ಲಿ ಅದ್ದಿ ಮರಳಿ ಕರಿಯುವ ‘ಪಿಯೊನೋನೊ’ ಆ ಪರಂಪರೆಯ ಪಕ್ವಫಲ. ಟ್ರಿನಿಡಾಡಿನ ಸಂಗತಿಯಂತೂ ನಮ್ಮವರ ಹೃದಯಕ್ಕೆ ಇನ್ನೂ ಹತ್ತಿರವಾದುದು: ಅಲ್ಲಿ ಕೋಕೋ ಗಿಡಗಳಿಗೆ ನೆರಳಾಗಿ ನೆಟ್ಟ ಬಾಳೆಯ ತಳಿಯೊಂದರ ಹೆಸರೇ ‘ಮೈಸೂರು’. ಇಲ್ಲಿ ಅಡಿಕೆಯನ್ನು ಕಾಯ್ದ ಸಸ್ಯವು ಅಲ್ಲಿ ನಮ್ಮ ನಾಡಿನ ಹೆಸರನ್ನು ಹೊತ್ತು ಕೋಕೋವನ್ನು ಕಾಯ್ದಿತು.

ತುಂಬಿ ಕರಿಯುವ ಕ್ರಮವನ್ನು ಕಾಣಲು ಅಷ್ಟು ದೂರ ಹೋಗಬೇಕಾದುದಿಲ್ಲ. ಕಾಸರಗೋಡಿನಿಂದ ತೆಂಕಣಕ್ಕೆ ಮಲಬಾರಿನ ಮಾಪಿಳ್ಳೆ ಮನೆಗಳಲ್ಲಿ, ವಿಶೇಷವಾಗಿ ರಂಜಾನಿನ ಸಂಜೆಗಳಲ್ಲಿ, ನೇಂದ್ರಬಾಳೆಯನ್ನು ಬೇಯಿಸಿ ಅರೆದು, ಒಳಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ, ಗೋಡಂಬಿಗಳ ಹೂರಣವನ್ನಿಟ್ಟು ಕದಿರಿನಾಕಾರಕ್ಕೆ ತಂದು ಕರಿಯುವ ‘ಉನ್ನಕ್ಕಾಯ’ ಪ್ರಸಿದ್ಧವಾದುದು. ನೇಂದ್ರವೂ ಕೆರಿಬಿಯನ್ನಿನ ಅಡುಗೆಬಾಳೆಯೂ ಒಂದೇ ವರ್ಗಕ್ಕೆ ಸೇರಿದವುಗಳಾದುದರಿಂದ, ಎರಡು ತೀರಗಳ ಗೃಹಿಣಿಯರಿಗೂ ಹಣ್ಣು ಒಂದೇ ಪಾಠವನ್ನು ಕಲಿಸಿತು: ಪಿಷ್ಟವೆಲ್ಲವೂ ಸಕ್ಕರೆಯಾಗುವ ಮುನ್ನ, ಸಿಪ್ಪೆ ಹಳದಿಗಟ್ಟಿ ಅಲ್ಲಲ್ಲಿ ಕಪ್ಪು ಚುಕ್ಕೆ ಮೂಡಿದರೂ ತಿರುಳು ಇನ್ನೂ ಬಿಗಿಯಾಗಿರುವಾಗಲೇ ಅದನ್ನು ಎತ್ತಿಕೊಳ್ಳಬೇಕು. ಎಳಸಾದರೆ ಬಾಗಿಸುವಾಗ ಮುರಿಯುತ್ತದೆ. ಅತಿಯಾಗಿ ಕಳಿತರೆ ಎಣ್ಣೆಯನ್ನು ಹೀರಿ ಕುಸಿಯುತ್ತದೆ. ಶಾಕಾಹಾರದ ಮನೆಯಲ್ಲಿ ಮಾಂಸದ ಸ್ಥಾನಕ್ಕೆ ಬೇಯಿಸಿ ಒಗ್ಗರಿಸಿದ ಕಡಲೆಬೇಳೆ, ತೆಂಗಿನತುರಿ, ಹಸಿಮೆಣಸಿನಕಾಯಿಗಳನ್ನೂ ಮೊಟ್ಟೆಯ ಸ್ಥಾನಕ್ಕೆ ಕಡಲೆಹಿಟ್ಟಿನ ತೆಳುವಾದ ಸಂಪಣವನ್ನೂ ಇರಿಸಿದರೆ, ಪಿಯೊನೋನೊ ನಮ್ಮ ಬಜ್ಜಿಯ ಬಂಧುವಾಗಿ ಬುಕ್ಕಾಂಬುಧಿಯ ಬಾಣಲೆಯಲ್ಲೂ ಸಲೀಸಾಗಿ ಅರಳಬಲ್ಲದು.

ಅರಮನೆಯ ಗ್ರಂಥಗಳು ಬಾಳೆಯ ಪಾಕಗಳನ್ನು ಬರೆದಿಟ್ಟವು. ಆದರೆ ಅವುಗಳನ್ನು ಉಳಿಸಿದವರು ತೋಟದ ಮನೆಗಳವರು. ಇಂದು ಎಳೆಯ ತೋಟಗಳಲ್ಲಿಯೂ ಪೇಟೆಗೆ ಸಲ್ಲುವ ಹಣ್ಣಿನ ಬಾಳೆಗೇ ಪ್ರಾಶಸ್ತ್ಯ ದೊರೆಯುತ್ತಿರುವಾಗ, ಪಲ್ಯಕ್ಕೂ ಕರಿಯುವುದಕ್ಕೂ ಒದಗುವ ತಳಿಗಳು ಬದುವಿನಿಂದಲೂ ಮರೆಯಾದರೆ ಅವುಗಳ ಹಿಂದೆಯೇ ಆ ಕೈಚಳಕವೂ ಮರೆಯಾಗುವುದು ನಿಶ್ಚಯ. ಆದುದರಿಂದ ಅಡಿಕೆಯ ಆದಾಯವನ್ನು ಲೆಕ್ಕಹಾಕುವ ತೋಟಿಗನು ನೀರು ಹರಿಯುವ ಕಾಲುವೆಯ ಅಂಚಿನಲ್ಲಿ ಅಡುಗೆಬಾಳೆಯ ಒಂದು ಹಿಂಡನ್ನು ಮನೆಯವರಿಗಾಗಿ ಉಳಿಸಿಕೊಳ್ಳಲಿ. ಈ ಇತಿಹಾಸವನ್ನು ಮುಂದುವರಿಸಲು ಅದಕ್ಕಿಂತ ಸುಲಭವಾದ ಮಾರ್ಗ ಬೇರೊಂದಿಲ್ಲ.