ಹಣ್ಣೆಲೆಯ ಮೇಲೆ ಗಾರೆ ಗೋಡೆ

ಕೆಂಪೇರಿದ ಮೇಪಲ್ ಎಲೆಯದೊಂದು ಫೋಟೊ. ಸುಣ್ಣ ಉದುರಿದ ಹಳೇ ಗೋಡೆಯದು ಇನ್ನೊಂದು. ಕಂಪ್ಯೂಟರಿನಲ್ಲಿ ಎರಡನ್ನೂ ಬೆಸೆದರೆ ಎಲೆ ಗೋಡೆಯ ಮೇಲೆ ಯಾರೋ ಬರೆದ ಚಿತ್ರದಂತೆ ಕಾಣುತ್ತದೆ. ಶರತ್ಕಾಲದ ನಿಸರ್ಗಚಿತ್ರಗಳನ್ನು ಹೀಗೆ ಡಿಜಿಟಲ್ ಕಲೆಯಾಗಿಸುವವರು ಆ ಎರಡನೇ ಚಿತ್ರವನ್ನು ಟೆಕ್ಸ್ಚರ್ ಅನ್ನುತ್ತಾರೆ. ಫೋಟೊಶಾಪ್ ಬಂದಮೇಲೆ ಹುಟ್ಟಿದ ಹವ್ಯಾಸ ಇದು ಎಂದುಕೊಳ್ಳುವವರೇ ಹೆಚ್ಚು. ಆದರೆ ಇದರ ಬೇರು ನೂರೈವತ್ತು ವರ್ಷಕ್ಕೂ ಹಿಂದಕ್ಕೆ ಹೋಗುತ್ತದೆ. ಕ್ಯಾಮೆರಾ ಒಂದು ಹಂತ ನುಣುಪಾದಾಗಲೆಲ್ಲ ಯಾರಾದರೂ ಚಿತ್ರಕ್ಕೆ ಒರಟು ಮೈಯನ್ನು ಮರಳಿ ತಂದಿದ್ದಾರೆ.

ಗೋಂದು, ಕುಂಚ, ಆಲೂಗಡ್ಡೆ

ಹಲವು ಫೋಟೊ ಸೇರಿಸಿ ಒಂದು ಮಾಡುವ ವಿದ್ಯೆ ಮೊದಲು ಬಂತು. 1857ರಲ್ಲಿ ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳಿಂದ ಒಂದೇ ಚಿತ್ರ ಮುದ್ರಿಸಿದ. ಮರುವರ್ಷ ಹೆನ್ರಿ ಪೀಚ್ ರಾಬಿನ್‌ಸನ್ ಐದು ನೆಗೆಟಿವ್ ಬಳಸಿದ. ದೃಶ್ಯಗಳು ಬೆರೆತವು, ಕಾಗದದ ಮೇಲ್ಮೈ ಮಾತ್ರ ನುಣುಪಾಗಿಯೇ ಉಳಿಯಿತು.

ಅದನ್ನು ಕದಡಿದ್ದು 1890ರ ದಶಕದ ಪಿಕ್ಟೋರಿಯಲಿಸ್ಟರು, ಅಂದರೆ ಫೋಟೊವೂ ಚಿತ್ರಕಲೆಯಂತಿರಬೇಕು ಎಂದವರು. ಪ್ಯಾರಿಸ್ಸಿನ ರಾಬರ್ಟ್ ದಮಾಶಿ ಮೆಚ್ಚಿ ಬೆಳೆಸಿದ ಗಮ್ ಬೈಕ್ರೋಮೇಟ್ ವಿಧಾನದಲ್ಲಿ ಗೋಂದು, ಬಣ್ಣದ ಪುಡಿ ಮತ್ತು ಬೈಕ್ರೋಮೇಟ್ ಲವಣವನ್ನು ಕಲಸಿ ಕಾಗದಕ್ಕೆ ಹಚ್ಚುತ್ತಿದ್ದರು. ಬೆಳಕು ಬಿದ್ದ ಕಡೆ ಗೋಂದು ಗಟ್ಟಿಯಾಗುತ್ತದೆ, ಉಳಿದದ್ದು ನೀರಿನಲ್ಲಿ ತೊಳೆದುಹೋಗುತ್ತದೆ. ತೊಳೆಯುವಾಗಲೇ ಕುಂಚ ಆಡಿಸಿದರೆ ಗೆರೆಗಳು ಮೂಡುತ್ತವೆ. ಎಡ್ವರ್ಡ್ ಸ್ಟೈಕನ್ 1904ರಲ್ಲಿ ತೆಗೆದ ಬೆಳದಿಂಗಳ ಕೊಳದ ಚಿತ್ರ ಈ ಕಾಲದ ಕೈಕೆಲಸಕ್ಕೆ ಸಾಕ್ಷಿ. ಅದರ ಒಂದು ಪ್ರತಿ 2006ರ ಹರಾಜಿನಲ್ಲಿ 29 ಲಕ್ಷ ಡಾಲರಿಗೂ ಮೀರಿ ಹೋಯಿತು.

ಶರತ್ಕಾಲಕ್ಕೆ ಬಣ್ಣವಿಲ್ಲದೆ ನಡೆಯದು. 1907ರಲ್ಲಿ ಲ್ಯೂಮಿಯೇರ್ ಸಹೋದರರು ಮಾರುಕಟ್ಟೆಗೆ ತಂದ ಆಟೊಕ್ರೋಮ್ ಆ ಬಣ್ಣವನ್ನು ಕೊಟ್ಟಿತು, ಅದೂ ಆಲೂಗಡ್ಡೆಯ ಪಿಷ್ಟದಿಂದ! ಕಿತ್ತಳೆ, ಹಸಿರು, ನೇರಳೆ ಬಣ್ಣ ಹಾಕಿದ ಪಿಷ್ಟದ ಕಣಗಳನ್ನು ಗಾಜಿನ ಮೇಲೆ ಹರಡಿ, ಸಂದುಗಳಿಗೆ ಕಾಡಿಗೆಯಂಥ ಮಸಿ ತುಂಬುತ್ತಿದ್ದರು. ಬಿಸಿಲಲ್ಲೂ ಚಿತ್ರ ತೆಗೆಯಲು ಸೆಕೆಂಡುಗಟ್ಟಲೆ ಬೇಕಿತ್ತು. ಗಾಳಿಗೆ ಎಲೆಗಳು ಅಲುಗಾಡಿ ಕಲೆಸಿಹೋಗುತ್ತಿದ್ದವು. ಅಂತೂ ಹಳದಿ ತೋಪಿನ ಆಟೊಕ್ರೋಮ್ ಚುಕ್ಕಿ ಚುಕ್ಕಿಯಾಗಿ ಬಿಡಿಸಿದ ವರ್ಣಚಿತ್ರದಂತಿರುತ್ತಿತ್ತು. ಇಲ್ಲಿ ಟೆಕ್ಸ್ಚರನ್ನು ಯಾರೂ ಹೇರಲಿಲ್ಲ, ಅದು ಬಣ್ಣದ ಜೊತೆಗೇ ಬಂತು.

ಚೂಪು ನೋಟ, ಎರಡು ಸ್ಲೈಡ್

1932ರಲ್ಲಿ ಕ್ಯಾಲಿಫೋರ್ನಿಯಾದ ಆನ್ಸೆಲ್ ಆ್ಯಡಮ್ಸ್, ಎಡ್ವರ್ಡ್ ವೆಸ್ಟನ್ ಮುಂತಾದವರ ಎಫ್/64 ಗುಂಪು ಪಿಕ್ಟೋರಿಯಲಿಸ್ಟರ ಮಬ್ಬಿಗೆಲ್ಲ ತಿರುಗಿಬಿತ್ತು. ಕ್ಯಾಮೆರಾ ಕಂಡಷ್ಟನ್ನು ಕಂಡಹಾಗೆ, ಹೊಳೆಯುವ ಕಾಗದದ ಮೇಲೆ ಚೂಪಾಗಿ ತೋರಿಸಿ ಎಂಬುದು ಅವರ ಪಟ್ಟು. ಶರತ್ಕಾಲದ ಮಟ್ಟಿಗೆ ಈ ನೋಟದ ದೊಡ್ಡ ಫಲ ಎಲಿಯಟ್ ಪೋರ್ಟರ್. ನ್ಯೂ ಇಂಗ್ಲೆಂಡಿನ ಕಾಡುಗಳ ಅವರ ವರ್ಣಚಿತ್ರಗಳಿಗೆ ನಿಸರ್ಗ ಲೇಖಕ ಥೋರೊನ ಬರಹಗಳನ್ನು ಜೋಡಿಸಿ ಪರಿಸರ ಸಂಘಟನೆ ಸಿಯೆರಾ ಕ್ಲಬ್ 1962ರಲ್ಲಿ ಪುಸ್ತಕ ತಂದಿತು. ತೊಗಟೆ, ಪಾಚಿ, ಉದುರಿದೆಲೆ ಎಲ್ಲವೂ ಅಲ್ಲಿವೆ. ಟೆಕ್ಸ್ಚರ್ ಬೇಕಾದರೆ ನೆಲದಲ್ಲೇ ಹುಡುಕಿ ಎಂದು ಹೇಳುವಂತಿವೆ ಆ ಚಿತ್ರಗಳು.

ಒರಟಿನ ಕಡೆಯವರು ಸುಮ್ಮನಿರಲಿಲ್ಲ. ವಿಲಿಯಂ ಮಾರ್ಟೆನ್ಸನ್ ಟೆಕ್ಸ್ಚರ್ ಸ್ಕ್ರೀನ್ ಬಳಸಿ ಫೋಟೊವನ್ನು ತಾಮ್ರದ ಕೆತ್ತನೆಯ ಮುದ್ರಣದಂತೆ ಕಾಣಿಸಿದ. ಮುಂದೆ ಡಾರ್ಕ್‌ರೂಮಿನ ಹವ್ಯಾಸಿಗಳೂ ಬಟ್ಟೆಯ ನೇಯ್ಗೆಯೋ ಮರಳಿನ ಕಣವೋ ಇರುವ ಪಾರದರ್ಶಕ ಹಾಳೆಯನ್ನು ನೆಗೆಟಿವ್ ಜೊತೆ ಸೇರಿಸಿ ಮುದ್ರಿಸಿದರು. ಸ್ಲೈಡ್ ತೆಗೆಯುತ್ತಿದ್ದವರು ಎರಡು ಸ್ಲೈಡ್‌ಗಳನ್ನು ಒಂದೇ ಚೌಕಟ್ಟಿಗೆ ಸೇರಿಸಿದರು. ಮೊದಲನೆಯದು ಅರ್ಧ ಬೆಳಕು ಬಿಟ್ಟು, ಎರಡನೆಯದೂ ಅದರಲ್ಲಿ ಅರ್ಧ ಬಿಟ್ಟರೆ, ಪರದೆಗೆ ಮುಟ್ಟುವುದು ಕಾಲು ಭಾಗ. ಅಂದರೆ ಗುಣಾಕಾರ. ಇಂದಿನ ಫೋಟೊಶಾಪಿನಲ್ಲಿ ಚಿತ್ರ ಬೆಸೆಯುವ ಮಲ್ಟಿಪ್ಲೈ ಎಂಬ ಬಗೆ ಮಾಡುವುದೂ ಇದೇ ಲೆಕ್ಕ.

ಪದರದಿಂದ ಪದರಕ್ಕೆ

ಫೋಟೊಶಾಪ್ ಬಂದದ್ದು 1990ರಲ್ಲಿ. ಕಾಗದದ ಒರಟಿಗೆ ತಕ್ಕಂತೆ ಕುಂಚ ಎಳೆಯುವ ಫ್ರ್ಯಾಕ್ಟಲ್ ಪೇಂಟರ್ ಮರುವರ್ಷ ಬಂತು. ಆದರೆ ಈ ಕಲೆಗೆ ನಿಜವಾದ ತಿರುವು 1994ರ ಫೋಟೊಶಾಪ್ 3.0. ಅದು ಲೇಯರ್, ಅಂದರೆ ಪದರಗಳನ್ನು ಕೊಟ್ಟಿತು. ಅಲ್ಲಿಯತನಕ ಫೋಟೊಶಾಪಿನಲ್ಲಿ ಬೆಸೆದ ಚಿತ್ರಗಳನ್ನು ಬೇರ್ಪಡಿಸುವಂತಿರಲಿಲ್ಲ. ಈಗ ಗೋಡೆಯ ಪದರವನ್ನು ಎತ್ತಿ, ಇಳಿಸಿ, ತೆಳುಮಾಡಿ ನೋಡಬಹುದಾಯಿತು. 2004ರಲ್ಲಿ ಶುರುವಾದ ಫ್ಲಿಕರ್‌ನಂಥ ತಾಣಗಳಲ್ಲಿ ಜನ ತುಕ್ಕು ತಗಡು, ಹಳೇ ಪತ್ರ, ಬಿರುಕು ಗಾರೆಗಳ ಫೋಟೊಗಳನ್ನು ಪರಸ್ಪರ ಹಂಚಿಕೊಂಡರು.

ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ನನ್ನದೇ ಒಂದು ಚಿತ್ರ ಸಾಕು. ನಮ್ಮಲ್ಲಿ ಶರತ್ಕಾಲದಲ್ಲಿ ಕಾಡು ಕೆಂಪಾಗುವುದಿಲ್ಲ. ಆ ಕೊರತೆ ತುಂಬುವುದು ಚಳಿಗಾಲ ಕಳೆಯುವ ಹೊತ್ತಿಗೆ ರಸ್ತೆಬದಿಯ ಕಾಡುಬಾದಾಮಿ ಮರ. ಅದರ ಒಂದು ಹಣ್ಣೆಲೆಯನ್ನು ಬಿಳಿ ಹಾಳೆಯ ಮೇಲಿಟ್ಟು ಫೋಟೊ ತೆಗೆದೆ. ಪಕ್ಕದ ಗಾರೆ ಗೋಡೆಯನ್ನೂ ತೆಗೆದೆ. ಗೋಡೆಯನ್ನು ಮಲ್ಟಿಪ್ಲೈಗೆ ಹಾಕಿದೊಡನೆ ಬಿಳಿ ಹಾಳೆ ಗಾರೆಯಾಯಿತು, ಆದರೆ ಎಲೆಯ ಕೆಂಪು ಕೊಳೆಯಾಯಿತು. ಗೋಡೆಯ ಕಂದು ಛಾಯೆ ತೆಗೆದು ಬೂದು ಬಣ್ಣಕ್ಕಿಳಿಸಿ, ಬೆಸೆಯುವ ಇನ್ನೊಂದು ಬಗೆಯಾದ ಸಾಫ್ಟ್ ಲೈಟ್‌ಗೆ ಬದಲಿಸಿ, ಪದರದ ದಟ್ಟಣೆಯನ್ನು (ಒಪ್ಯಾಸಿಟಿ) ಶೇಕಡ 40ಕ್ಕೆ ತಂದೆ. ಸಾಫ್ಟ್ ಲೈಟ್‌ನಲ್ಲಿ ನಡುಬೂದು ಬಣ್ಣ ಏನೂ ಮಾಡುವುದಿಲ್ಲ, ಅದಕ್ಕಿಂತ ಕಪ್ಪಾದ ಬಿರುಕು ಮತ್ತು ಬೆಳ್ಳಗಿನ ಉಬ್ಬು ಮಾತ್ರ ಕೆಲಸ ಮಾಡುತ್ತವೆ. ಕೊನೆಗೆ ಪದರದ ಭಾಗಗಳನ್ನು ಮರೆಮಾಡುವ ಮಾಸ್ಕಿನ ಮೇಲೆ ಕುಂಚ ಆಡಿಸಿ ಎಲೆಯ ನಡುನರದ ಮೇಲಿನ ಗೋಡೆಯನ್ನು ಅಳಿಸಿದೆ. ದಮಾಶಿ ನೀರಿನಲ್ಲಿ ಮಾಡಿದ್ದು ಇದನ್ನೇ.

ಈ ಕಲೆಗೊಂದು ಗಡಿಯೂ ಇದೆ. ಅಂತರರಾಷ್ಟ್ರೀಯ ಫೋಟೊ ಸ್ಪರ್ಧೆಗಳಾದ ಸಲೋನ್‌ಗಳ ನಿಸರ್ಗ ವಿಭಾಗದಲ್ಲಿ ಚಿತ್ರಕ್ಕೆ ಹೊಸದನ್ನು ಸೇರಿಸುವಂತಿಲ್ಲ. ಇಂಥ ಕೃತಿ ಸೃಜನಶೀಲ ವಿಭಾಗದಂಥ ಬೇರೆಡೆಗೆ ಹೋಗಬೇಕು. ಈ ವಿಂಗಡಣೆ ಒಳ್ಳೆಯದೇ, ನೋಡುವವನಿಗೆ ಮೋಸವಾಗುವುದಿಲ್ಲ.

ಮುಂದಿನ ಹಂತ ಬೆರಳ ತುದಿಗೆ ಬಂತು. 2009ರ ಹಿಪ್‌ಸ್ಟಮ್ಯಾಟಿಕ್, 2010ರ ಇನ್‌ಸ್ಟಾಗ್ರಾಂ ಹಳತನವನ್ನು ಒಂದೇ ಒತ್ತಿಗೆ ಕೊಟ್ಟವು. 2015ರಲ್ಲಿ ಜರ್ಮನಿಯ ಟ್ಯೂಬಿಂಗನ್ ಸಂಶೋಧಕರು ಒಬ್ಬ ಚಿತ್ರಕಾರನ ಶೈಲಿಯನ್ನು ಯಾವುದೇ ಫೋಟೊಗೆ ಹಚ್ಚುವ ನರಜಾಲ (ನ್ಯೂರಲ್ ನೆಟ್ವರ್ಕ್) ವಿಧಾನವನ್ನು ಪ್ರಕಟಿಸಿದರು. ಮರುವರ್ಷ ಪ್ರಿಸ್ಮಾ ಆ್ಯಪ್ ಆ ಬಗೆಯ ಕೆಲಸವನ್ನು ಎಲ್ಲರ ಫೋನಿಗೂ ತಂದಿತು. ಈಗ ಒರಟೂ ಸಿದ್ಧ ಮಾಲು. ನುಣುಪಿಗೆ ವಿರೋಧವಾಗಿ ಹುಟ್ಟಿದ್ದು ತಾನೇ ಇನ್ನೊಂದು ಬಗೆಯ ನುಣುಪಾಗಿದೆ.

ಹಾಗಾಗಿ ಗೋಡೆಯನ್ನು ತಾನೇ ಹೋಗಿ ಹುಡುಕುವವನ ಚಿತ್ರ ಇವತ್ತಿಗೂ ಬೇರೆಯಾಗಿ ಕಾಣುತ್ತದೆ. ನಾನು ಫೋಟೊ ತೆಗೆದ ಗೋಡೆಗೆ ಆಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರು. ಬಾದಾಮಿ ಎಲೆ ಅದೇ ವಾರ ಒಣಗಿ ಪುಡಿಯಾಗಿತ್ತು. ಇಬ್ಬರೂ ಒಂದೇ ಬೀದಿಯವರು, ಆ ಫೈಲಿನಲ್ಲಿ ಮಾತ್ರ ಈಗಲೂ ಜೊತೆಗಿದ್ದಾರೆ.