ಮಾಧವದ್ವಯವೂ ಮುದ್ರಿತ ಲೇಖನಗಳ ತಿದ್ದುಪಡಿಯೂ

ಶಾಸನಗಳನ್ನು ಶೋಧಿಸಿ ಪ್ರಕಟಿಸುವುದು ಎಷ್ಟು ಆವಶ್ಯಕವೋ, ಪ್ರಕಟವಾದುದರಲ್ಲಿ ದೋಷವು ಕಂಡುಬಂದಲ್ಲಿ ಅದನ್ನು ಬಹಿರಂಗವಾಗಿಯೇ ತಿದ್ದುವುದೂ ಅಷ್ಟೇ ಆವಶ್ಯಕವು. ಓಲೆಯ ಪ್ರತಿಯೊಂದರ ತಪ್ಪು ಆ ಪ್ರತಿಯನ್ನು ಓದಿದವರನ್ನು ಮಾತ್ರ ದಾರಿತಪ್ಪಿಸುವುದು. ಅಚ್ಚಾದ ತಪ್ಪಾದರೋ ಗ್ರಂಥದಿಂದ ಗ್ರಂಥಕ್ಕೆ ಹರಿದು, ಕಡೆಗೆ ಪ್ರಮಾಣವೆಂಬ ಗೌರವವನ್ನೇ ಪಡೆಯುವುದು. ಶೃಂಗೇರಿಯ ಶ್ರೀ ವಿದ್ಯಾರಣ್ಯರ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವು ದೊರೆಯುತ್ತದೆ.

ವಿಜಯನಗರದ ಆದಿಕಾಲದಲ್ಲಿ ಮಾಧವನೆಂಬ ಹೆಸರಿನ ಇಬ್ಬರು ಪ್ರಸಿದ್ಧರಿದ್ದರು. ಒಬ್ಬರು ಪರಾಶರಮಾಧವೀಯವೇ ಮೊದಲಾದ ಗ್ರಂಥಗಳನ್ನು ರಚಿಸಿದ, ವೇದಭಾಷ್ಯಕಾರ ಸಾಯಣಾಚಾರ್ಯರ ಅಣ್ಣಂದಿರಾದ ಮಾಧವಾಚಾರ್ಯರು. ಇನ್ನೊಬ್ಬನು ಬನವಾಸಿಯ ನಾಡನ್ನಾಳಿ, ಗೋವೆಯನ್ನು ಗೆದ್ದ ಮಾಧವಮಂತ್ರಿ. ಹೆಸರೂ ಕಾಲವೂ ಒಂದೇ ಆಗಿದ್ದುದರಿಂದ ಹಿಂದಿನ ಕೆಲವು ವಿದ್ವಾಂಸರು ಇಬ್ಬರನ್ನೂ ಒಬ್ಬರೆಂದೇ ಭಾವಿಸಿದರು. ಮಾಧವಾಚಾರ್ಯರೇ ಸನ್ಯಾಸವನ್ನು ಸ್ವೀಕರಿಸಿ ವಿದ್ಯಾರಣ್ಯರಾದರೆಂಬುದು ಸಂಪ್ರದಾಯವಾದುದರಿಂದ, ದಂಡಯಾತ್ರೆಯ ಕೀರ್ತಿಯೂ ಶೃಂಗೇರಿಯ ಪೀಠಾಧಿಪತಿಗಳ ಹೆಸರಿಗೇ ಸೇರಿತು.

ಈ ಭ್ರಾಂತಿಯನ್ನು ಪರಿಹರಿಸಿದವರು ಪ್ರಾಕ್ತನವಿಮರ್ಶವಿಚಕ್ಷಣ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು. 1916ರ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅವರು ಮಾಧವಾಚಾರ್ಯರನ್ನೂ ಅವರ ತಮ್ಮಂದಿರನ್ನೂ ಕುರಿತು ಲೇಖನವನ್ನು ಪ್ರಕಟಿಸಿದರು. ಅವರ ವಾದದ ಆಧಾರಗಳು ಸರಳವಾದುವು. ಮಾಧವಾಚಾರ್ಯರದು ಭಾರದ್ವಾಜ ಗೋತ್ರ. ತಂದೆ ಮಾಯಣ, ತಾಯಿ ಶ್ರೀಮತಿ. ತಮ್ಮಂದಿರು ಸಾಯಣ, ಭೋಗನಾಥರು. ಮಾಧವಮಂತ್ರಿಯದು ಆಂಗಿರಸ ಗೋತ್ರ. ತಂದೆ ಚೌಂಡ, ತಾಯಿ ಮಾಚಾಂಬಿಕೆ. ಮೊದಲಿನವರ ಗುರುಗಳು ವಿದ್ಯಾತೀರ್ಥ, ಭಾರತೀತೀರ್ಥ, ಶ್ರೀಕಂಠರು. ಎರಡನೆಯವನ ಗುರು ಶೈವಾಚಾರ್ಯನಾದ ಕಾಶೀವಿಲಾಸ ಕ್ರಿಯಾಶಕ್ತಿ. ಗೋತ್ರವೂ, ತಂದೆತಾಯಿಗಳೂ, ಗುರುಪರಂಪರೆಯೂ ಬೇರೆಯಾದ ಮೇಲೆ ವ್ಯಕ್ತಿಗಳು ಒಬ್ಬರೇ ಆಗುವುದೆಂತು? ಇದಲ್ಲದೆ ವಿದ್ಯಾರಣ್ಯರು ಸಿದ್ಧಿಯನ್ನು ಪಡೆದುದು 1386ರಲ್ಲಿ. ಮಾಧವಮಂತ್ರಿಯ ದಾನಶಾಸನವಾದರೋ 1391ರವರೆಗೂ ಬರುತ್ತದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಈ ನಿರ್ಣಯಕ್ಕೆ ಬೇಕಾದ ಸಾಮಗ್ರಿಯ ಬಹುಭಾಗವು ಮೊದಲೇ ಅಚ್ಚಾಗಿದ್ದಿತು. ತಪ್ಪು ನಡೆದುದು ಸಾಮಗ್ರಿಯ ಅಭಾವದಿಂದಲ್ಲ, ಒಂದನ್ನು ಮತ್ತೊಂದರೊಡನೆ ಹೋಲಿಸದೆ ಹೋದುದರಿಂದ.

ಹಾಗೆಂದು ಒಂದು ತಿದ್ದುಪಡಿಯಿಂದ ವಿಚಾರವು ಮುಗಿಯಲಿಲ್ಲ. 1346ರ ಶೃಂಗೇರಿಯ ಶಾಸನದಲ್ಲಿ ಹರಿಹರನೂ ಅವನ ಸಹೋದರರೂ ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ದಾನವಿತ್ತುದು ಹೇಳಿದೆ. ಅಲ್ಲಿ ವಿದ್ಯಾರಣ್ಯರ ಹೆಸರಿಲ್ಲ. ವಿದ್ಯಾರಣ್ಯರ ಅನುಗ್ರಹದಿಂದ 1336ರಲ್ಲಿ ರಾಜಧಾನಿಯು ಸ್ಥಾಪಿತವಾಯಿತೆಂದು ಹೇಳುವ ತಾಮ್ರಶಾಸನಗಳನ್ನು ಅನೇಕರು ಕೂಟಶಾಸನಗಳೆಂದು ಎಣಿಸಿದ್ದಾರೆ. 1929ರಲ್ಲಿ ಫಾದರ್ ಹೇರಾಸರು ಈ ಕಥೆಯು ಹದಿನಾರನೆಯ ಶತಮಾನದಲ್ಲಿ ಮಠದವರೇ ಕಲ್ಪಿಸಿದುದೆಂದು ಬರೆದರು. ಅದು ಭಕ್ತರಿಗೆ ನೋವನ್ನೂ ಪಂಡಿತರಿಗೆ ವಿವಾದವನ್ನೂ ತಂದಿತು. 1930-31ರಲ್ಲಿ ಆರ್. ರಾಮರಾಯರು ಮಾಧವಾಚಾರ್ಯರೂ ವಿದ್ಯಾರಣ್ಯರೂ ಒಬ್ಬರೇ ಎಂಬುದನ್ನೇ ಪ್ರಶ್ನಿಸಿದರು. 1985ರಲ್ಲಿ ಹರ್ಮನ್ ಕುಲ್ಕೆಯವರು ಈ ಚರ್ಚೆಯನ್ನೆಲ್ಲ ಮತ್ತೆ ಪರಿಶೀಲಿಸಿ, ನಗರಸ್ಥಾಪನೆಯ ಕಥೆಯನ್ನು ಬಿಟ್ಟರೂ ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ಯಾರಣ್ಯರ ಪಾತ್ರವು ಮಹತ್ತ್ವದ್ದೆಂದು ಅಭಿಪ್ರಾಯಪಟ್ಟರು. ಕಥೆಯು ಸಡಿಲವಾದಲ್ಲಿ ಮಹಾತ್ಮರ ಮಹಿಮೆಯು ಕುಂದಲಿಲ್ಲವೆಂಬುದು ಇದರಿಂದ ವ್ಯಕ್ತವಾಗುವುದು.

ತಿದ್ದುಪಡಿಯ ಕ್ರಮಕ್ಕೆ ನಮ್ಮ ನಾಡಿನಲ್ಲಿ ಉತ್ತಮ ಮಾದರಿಯೂ ಉಂಟು. ಬಿ. ಎಲ್. ರೈಸರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದುವು. 1923ರಲ್ಲಿ ನರಸಿಂಹಾಚಾರ್ಯರು ಪರಿಷ್ಕರಿಸಿದ ಆವೃತ್ತಿಯಲ್ಲಿ 500 ಶಾಸನಗಳಾದುವು. ಹಿಂದಿನ ಸಂಪಾದಕರ ಶ್ರಮವನ್ನು ಮರೆಯದೆ, ಅವರ ಪಾಠಗಳನ್ನು ಕಲ್ಲಿನ ಮುಂದೆ ಮತ್ತೆ ಒರೆಹಚ್ಚುವುದೇ ಆ ಕ್ರಮ.

ಕೊಪ್ಪ, ಶೃಂಗೇರಿ ಸೀಮೆಗಳ ಶಾಸನಗಳು ರೈಸರ ಆರನೆಯ ಸಂಪುಟದಲ್ಲಿ 1901ರಲ್ಲಿ ಅಚ್ಚಾದುವು. ಅಂದು ಶೃಂಗೇರಿಯು ಜಹಗೀರು. ಇಂದಿನ ನರಸಿಂಹರಾಜಪುರವು ಎಡೇಹಳ್ಳಿಯೆಂಬ ಹೆಸರಿನಿಂದ ಕೊಪ್ಪಕ್ಕೆ ಸೇರಿದ್ದಿತು. ಆಳುಪರ ಚರಿತ್ರೆಗೆ ಮುಖ್ಯವಾದ ಕಿಗ್ಗದ ಶಾಸನಗಳು ಕೊಪ್ಪದ ಸಂಖ್ಯೆಗಳಲ್ಲಿಯೇ ಉಲ್ಲೇಖಿತವಾಗುತ್ತಿವೆ. ಊರಾದರೋ ಈಗ ಶೃಂಗೇರಿ ತಾಲ್ಲೂಕಿನದು. ಹಳೆಯ ಸಂಖ್ಯೆಯನ್ನು ನಂಬಿ ಕಲ್ಲನ್ನು ಹುಡುಕಹೊರಟವನು ಬೇರೆ ತಾಲ್ಲೂಕಿನಲ್ಲಿ ಅಲೆಯಬೇಕಾದೀತು. ಇಂತಹ ಸಣ್ಣ ತಿದ್ದುಪಡಿಯೂ ಉಪೇಕ್ಷಣೀಯವಲ್ಲ.

ಒಟ್ಟಿನಲ್ಲಿ ಹೇಳಬೇಕಾದುದಿಷ್ಟು: ತಪ್ಪು ಎಲ್ಲಿ ಅಚ್ಚಾಯಿತೋ ಅಲ್ಲಿಯೇ ತಿದ್ದುಪಡಿಯೂ ಅಚ್ಚಾಗಬೇಕು, ಯಾವ ಲೇಖನದ ಯಾವ ಮಾತು ಯಾವ ಆಧಾರದಿಂದ ಬಿದ್ದುಹೋಯಿತೆಂಬುದು ಸ್ಪಷ್ಟವಾಗಿರಬೇಕು, ಹಳೆಯ ಲೇಖನವು ನಾಶವಾಗದೆ ತಿದ್ದುಪಡಿಯೊಡನೆ ಉಳಿಯಬೇಕು. ತಾನು ಬರೆದುದನ್ನು ತಾನೇ ಹಿಂತೆಗೆದುಕೊಳ್ಳುವುದು ವಿದ್ವಾಂಸನಿಗೆ ಸೋಲಲ್ಲ. ಎರಡು ಮಾಧವರನ್ನು ಬೇರ್ಪಡಿಸಿ ಒಂದು ಶತಮಾನವೇ ಕಳೆದರೂ, ಕೆಲವು ಜನಪ್ರಿಯ ಬರಹಗಳಲ್ಲಿ ಅವರು ಇನ್ನೂ ಒಬ್ಬರಾಗಿಯೇ ಉಳಿದಿದ್ದಾರೆ. ಆದುದರಿಂದ ತಿದ್ದಿದವರ ಕರ್ತವ್ಯವು ಮುಗಿದಿದ್ದರೂ ಓದುವವರ ಕರ್ತವ್ಯವು ಮುಗಿದಿಲ್ಲ.