ಹೊಳೆದಂಡೆಯ ಕುರುಡು, ದೂರದೂರಿನ ಬರಹ

ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯ ಆವರಣದಲ್ಲಿ ಒಂದು ಶಿಲ್ಪವಿದೆ. ಹುಡುಗನೊಬ್ಬ ಕೋಲಿನ ಒಂದು ತುದಿ ಹಿಡಿದು ಮುಂದೆ ನಡೆಯುತ್ತಿದ್ದಾನೆ; ಇನ್ನೊಂದು ತುದಿ ಹಿಡಿದು ಕಣ್ಣಿಲ್ಲದ ಹಿರಿಯನೊಬ್ಬ ಅವನನ್ನು ಹಿಂಬಾಲಿಸುತ್ತಿದ್ದಾನೆ. ಪಶ್ಚಿಮ ಆಫ್ರಿಕಾದ ನದಿ ಕಣಿವೆಗಳಲ್ಲಿ ಒಂದು ಕಾಲಕ್ಕೆ ಇದು ನಿತ್ಯದ ನೋಟವಾಗಿತ್ತು. ಕೆಲವು ಊರುಗಳಲ್ಲಿ ವಯಸ್ಸು ನಲವತ್ತು ದಾಟಿದ ಗಂಡಸರ ಪೈಕಿ ಅರ್ಧದಷ್ಟು ಮಂದಿ ಕುರುಡರಾಗಿದ್ದರು. ಜನ ಫಲವತ್ತಾದ ಹೊಲಗಳನ್ನು ಬಿಟ್ಟು ಬರಡು ದಿಣ್ಣೆಗಳಿಗೆ ಸರಿದಿದ್ದರು. ಹೊಳೆಯ ಬಳಿ ಬಾಳಿದರೆ ಕಣ್ಣು ಉಳಿಯುವುದಿಲ್ಲ ಎಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ.

ವೈದ್ಯಶಾಸ್ತ್ರದಲ್ಲಿ ಈ ರೋಗದ ಹೆಸರು ‘ಆಂಕೊಸರ್ಕಿಯಾಸಿಸ್’. ಸರಳವಾಗಿ ‘ಹೊಳೆಗುರುಡು’ ಎನ್ನಬಹುದು. ರಭಸವಾಗಿ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ಒಂದು ಬಗೆಯ ಕಪ್ಪು ನೊಣ ಕಚ್ಚಿದಾಗ ದಾರದಂಥ ಹುಳುವಿನ ಮರಿ ಮನುಷ್ಯನ ದೇಹ ಸೇರುತ್ತದೆ. ಬೆಳೆದ ಹುಳುಗಳು ಚರ್ಮದ ಕೆಳಗೆ ಗಂಟು ಕಟ್ಟಿಕೊಂಡು ಹತ್ತು ಹದಿನೈದು ವರ್ಷ ಬದುಕುತ್ತವೆ. ಅವು ಹಡೆಯುವ ಲಕ್ಷಾಂತರ ಸೂಕ್ಷ್ಮ ಮರಿಗಳು ಚರ್ಮದಲ್ಲೆಲ್ಲ ಹರಡಿ ತಡೆಯಲಾರದ ತುರಿಕೆ ಹುಟ್ಟಿಸುತ್ತವೆ. ಕಣ್ಣನ್ನು ಹೊಕ್ಕು ಅಲ್ಲಿ ಸತ್ತಾಗ ಉಂಟಾಗುವ ಉರಿಯೂತ ಕ್ರಮೇಣ ದೃಷ್ಟಿಯನ್ನು ಕಸಿಯುತ್ತದೆ. ನೊಣ, ಹುಳು, ಗಂಟು, ಕಣ್ಣು ಈ ನಾಲ್ಕು ಕೊಂಡಿಗಳನ್ನು ಸೇರಿಸಲು ವಿಜ್ಞಾನಕ್ಕೆ ಸುಮಾರು ಎಪ್ಪತ್ತು ವರ್ಷ ಹಿಡಿಯಿತು.

1875ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜಾನ್ ಓನೀಲ್, ಇಂದು ಘಾನಾ ಎನಿಸಿರುವ ಗೋಲ್ಡ್ ಕೋಸ್ಟಿನಲ್ಲಿ ತುರಿಕೆ ರೋಗಿಗಳ ಚರ್ಮದಲ್ಲಿ ಈ ಮರಿಗಳನ್ನು ಕಂಡು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ. ಅದೇ ನಾಡಿನಿಂದ ಜರ್ಮನ್ ಮಿಷನರಿಯೊಬ್ಬರು ಕಳುಹಿಸಿದ ಗಂಟುಗಳಲ್ಲಿ ರುಡಾಲ್ಫ್ ಲ್ಯೂಕಾರ್ಟ್ ಬೆಳೆದ ಹುಳುಗಳನ್ನು ಗುರುತಿಸಿದ. ಅವುಗಳ ವರ್ಣನೆ 1893ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಮೂಲಕ ಬೆಳಕು ಕಂಡಿತು. ಹುಳುವಿಗೂ ಕಣ್ಣಿಗೂ ನಂಟಿದೆ ಎಂದು ಮೊದಲು ಹೇಳಿದವನು ಅಟ್ಲಾಂಟಿಕ್‌ನ ಆಚೆ ದಡದ ಗ್ವಾಟೆಮಾಲದ ವೈದ್ಯ ರೊಡಾಲ್ಫೊ ರೊಬ್ಲೆಸ್. 1915ರ ಆ ಶೋಧವನ್ನು ಆತ ಪ್ರಕಟಿಸಿದ್ದು ಸ್ಪ್ಯಾನಿಷ್ ಭಾಷೆಯಲ್ಲಿ. ರೋಗ ಹರಡುವುದು ಕಪ್ಪು ನೊಣ ಎಂಬುದನ್ನು ಬ್ಲ್ಯಾಕ್‌ಲಾಕ್ ಎಂಬ ಬ್ರಿಟಿಷ್ ವಿಜ್ಞಾನಿ 1926ರಲ್ಲಿ ಸಿಯೆರಾ ಲಿಯೋನಿನಲ್ಲಿ ತೋರಿಸಿದ.

ಆಫ್ರಿಕಾದಲ್ಲಿಯೂ ಇದೇ ಹುಳು ಜನರನ್ನು ಕುರುಡಾಗಿಸುತ್ತಿದೆ ಎಂದು 1932ರಲ್ಲಿ ಫ್ರೆಂಚ್‌ನಲ್ಲಿ ಬರೆದವನು ಬೆಲ್ಜಿಯಂ ಆಳ್ವಿಕೆಯ ಕಾಂಗೋದಲ್ಲಿದ್ದ ವೈದ್ಯ ಜಾನ್ ಹಿಸೆಟ್. ಆತನ ಮಾತನ್ನು ಬಲ್ಲವರು ಸುಲಭವಾಗಿ ನಂಬಲಿಲ್ಲ. 1934ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ ಕಾಂಗೋಗೆ ಬಂದು ನೋಡಿದ ಮೇಲಷ್ಟೇ ಅದಕ್ಕೆ ಮನ್ನಣೆ ದೊರೆಯಿತು. 1945ರಲ್ಲಿ ಗೋಲ್ಡ್ ಕೋಸ್ಟಿನ ರೋಗಿಗಳ ಕಣ್ಣುಗಳನ್ನು ವಿವರವಾಗಿ ವರ್ಣಿಸಿ ಬರೆದವನು ಹೆರಾಲ್ಡ್ ರಿಡ್ಲಿ. ಇಂದು ಪೊರೆ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣೊಳಗೆ ಕೂರಿಸುವ ಕೃತಕ ಮಸೂರದ ಜನಕನೂ ಈತನೇ.

ಹೀಗೆ ಒಂದೇ ರೋಗದ ಅರಿವು ಬೇರೆ ಬೇರೆ ದೇಶಗಳ ಪತ್ರಿಕೆಗಳಲ್ಲಿ, ಭಾಷೆಗಳಲ್ಲಿ ಹರಿದು ಹಂಚಿಹೋಗಿತ್ತು. ಈ ಬರಹಗಳಲ್ಲಿ ಆಫ್ರಿಕಾದವರು ರೋಗಿಗಳಾಗಿ ಬರುತ್ತಾರೆಯೇ ಹೊರತು ಲೇಖಕರಾಗಿ ಅಲ್ಲ. ಬರೆದದ್ದನ್ನು ಓದುವ ಅನುಕೂಲವೂ ಅವರಿಗಿರಲಿಲ್ಲ.

ದೇಶಗಳು ಒಟ್ಟಾಗಿ ಕೈಹಾಕದೆ ಈ ರೋಗ ಹತೋಟಿಗೆ ಬಾರದೆಂಬುದು 1968ರಲ್ಲಿ ಟ್ಯೂನಿಸ್‌ನಲ್ಲಿ ನಡೆದ ತಜ್ಞರ ಸಭೆಯಲ್ಲಿ ಸ್ಪಷ್ಟವಾಯಿತು. ನೊಣಕ್ಕೆ ಗಡಿಯ ಹಂಗಿಲ್ಲ. 1974ರಲ್ಲಿ ಪಶ್ಚಿಮ ಆಫ್ರಿಕಾದ 7 ದೇಶಗಳು ಸೇರಿ ಆರಂಭಿಸಿದ ನಿಯಂತ್ರಣ ಕಾರ್ಯಕ್ರಮ ಮುಂದೆ 11 ದೇಶಗಳಿಗೆ ವಿಸ್ತರಿಸಿತು. ಹೆಲಿಕಾಪ್ಟರ್‌ಗಳು ನದಿಗಳ ಮೇಲೆ ಹಾರಿ ನೊಣದ ಮರಿಗಳನ್ನು ಕೊಲ್ಲುವ ಔಷಧ ಸಿಂಪಡಿಸಿದವು. 1980ರಿಂದ 1994ರವರೆಗೆ ಇದರ ಚುಕ್ಕಾಣಿ ಹಿಡಿದಿದ್ದವರು ಗ್ಯಾಂಬಿಯಾದ ವೈದ್ಯ ಇಬ್ರಾಹಿಂ ಸಾಂಬಾ. 2002ರಲ್ಲಿ ಕಾರ್ಯಕ್ರಮ ಮುಗಿಯುವ ವೇಳೆಗೆ 6 ಲಕ್ಷ ಜನರ ಕಣ್ಣು ಉಳಿದಿತ್ತು, 2.5 ಕೋಟಿ ಹೆಕ್ಟೇರ್ ಭೂಮಿ ಮತ್ತೆ ವಾಸಕ್ಕೆ, ಬೇಸಾಯಕ್ಕೆ ಒದಗಿತ್ತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಆದರೆ ರೋಗಿಗಳ ದೇಹದಲ್ಲಾಗಲೇ ಇದ್ದ ಹುಳುವಿಗೆ ಸುರಕ್ಷಿತ ಮದ್ದು ಬೇಕಿತ್ತು. ಆನೆಕಾಲು ರೋಗಕ್ಕೆ ನಮ್ಮಲ್ಲಿ ಕೊಡುವ ಡಿಇಸಿ ಮಾತ್ರೆ ಹೊಳೆಗುರುಡಿನ ರೋಗಿಗಳಿಗೆ ಅಪಾಯಕಾರಿ. ಅದರಿಂದ ಇದ್ದ ದೃಷ್ಟಿಯೂ ಹೋಗಬಹುದು. ಪರಿಹಾರ ಸಿಕ್ಕಿದ್ದು ಜಪಾನಿನ ಮಣ್ಣಿನಲ್ಲಿ. ಸತೋಶಿ ಒಮುರಾ ಹುಡುಕಿದ ಸೂಕ್ಷ್ಮಾಣುವಿನಿಂದ ಅಮೆರಿಕದ ಮೆರ್ಕ್ ಕಂಪೆನಿಯ ವಿಲಿಯಂ ಕ್ಯಾಂಬೆಲ್ ತಂಡ ಜಾನುವಾರುಗಳಿಗಾಗಿ ‘ಐವರ್‌ಮೆಕ್ಟಿನ್’ ರೂಪಿಸಿತು. ಅದನ್ನು ಹೊಳೆಗುರುಡಿನ ರೋಗಿಗಳಿಗೆ ಮೊದಲು ಕೊಟ್ಟು ನೋಡಿದ್ದು 1981ರಲ್ಲಿ, ಸೆನೆಗಲ್‌ನ ಡಾಕರ್‌ನಲ್ಲಿ. ಮರುವರ್ಷ ‘ಲ್ಯಾನ್ಸೆಟ್’ ಪ್ರಕಟಿಸಿದ ವರದಿಯಲ್ಲಿ, ಮೆರ್ಕ್ ಕಂಪೆನಿಯ ಬಾಂಗ್ಲಾದೇಶ ಮೂಲದ ಮೊಹಮ್ಮದ್ ಅಜೀಜ್ ಅವರ ಹೆಸರಿನ ಜೊತೆಗೆ ಸೆನೆಗಲ್‌ನ ವೈದ್ಯರಾದ ಡಿಯಾಲೊ, ಡಿಯೊಪ್ ಅವರ ಹೆಸರುಗಳೂ ಇದ್ದವು. ಓನೀಲ್‌ನ ಬರಹ ಬಂದ 107 ವರ್ಷಗಳ ನಂತರ ಅದೇ ಪತ್ರಿಕೆಯಲ್ಲಿ ಆಫ್ರಿಕಾದ ವೈದ್ಯರು ತಮ್ಮ ನೆಲದ ರೋಗದ ಬಗ್ಗೆ ಸಹಲೇಖಕರಾಗಿ ನಿಂತರು. 1987ರಲ್ಲಿ ಮೆರ್ಕ್, ಬೇಕಾದಷ್ಟು ಕಾಲ ಬೇಕಾದಷ್ಟು ಮಾತ್ರೆಯನ್ನು ಉಚಿತವಾಗಿ ಕೊಡುವುದಾಗಿ ಘೋಷಿಸಿತು. 2015ರಲ್ಲಿ ಕ್ಯಾಂಬೆಲ್ ಮತ್ತು ಒಮುರಾ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು.

ಈ ಮಾತ್ರೆ ಮರಿಗಳನ್ನು ಕೊಲ್ಲುತ್ತದೆ, ಬೆಳೆದ ಹುಳುವನ್ನಲ್ಲ. ಆದ್ದರಿಂದ ಅದನ್ನು ಹತ್ತಾರು ವರ್ಷ, ವರ್ಷಕ್ಕೊಮ್ಮೆಯಾದರೂ ನುಂಗಬೇಕು. ಆಸ್ಪತ್ರೆಯೇ ಇಲ್ಲದ ಹಳ್ಳಿಗಳಿಗೆ ಅದನ್ನು ತಲಪಿಸುವವರು ಯಾರು? ಆಫ್ರಿಕಾದ ಹಲವು ಸಂಶೋಧನಾ ತಂಡಗಳು ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಅಧ್ಯಯನ ನಡೆಸಿ 1996ರಲ್ಲಿ ಉತ್ತರ ಕೊಟ್ಟವು: ಹಂಚುವವರನ್ನು ಆರಿಸುವುದನ್ನೂ ದಿನ ಗೊತ್ತುಮಾಡುವುದನ್ನೂ ಊರಿನವರಿಗೇ ಬಿಡಿ. ತೂಕದ ಯಂತ್ರವೂ ಬೇಕಾಗಲಿಲ್ಲ. ಗುರುತು ಹಾಕಿದ ಕೋಲೊಂದರ ಪಕ್ಕ ನಿಲ್ಲಿಸಿ, ಎತ್ತರ ನೋಡಿ, ಎಷ್ಟು ಮಾತ್ರೆ ಎಂದು ಹೇಳುವುದನ್ನು ಊರಿನ ರೈತರೇ ಕಲಿತರು. ಕುರುಡನಿಗೆ ದಾರಿ ತೋರುತ್ತಿದ್ದ ಕೋಲಿನ ಜಾಗಕ್ಕೆ ಕುರುಡನ್ನೇ ತಡೆಯುವ ಕೋಲು ಬಂದಿತು.

ಇದೇ ಅವಧಿಯಲ್ಲಿ ಓದುವ ಹಾದಿಯೂ ತುಸು ತೆರೆಯಿತು. 1988ರಲ್ಲಿ ಲಂಡನ್ನಿನಿಂದ ಹೊರಟ ‘ಕಮ್ಯುನಿಟಿ ಐ ಹೆಲ್ತ್’ ಪತ್ರಿಕೆ ಬಡ ದೇಶಗಳ ಕಣ್ಣಿನ ವೈದ್ಯರಿಗೂ ದಾದಿಯರಿಗೂ ಉಚಿತವಾಗಿ ತಲಪತೊಡಗಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ‘ಹಿನಾರಿ’ ಯೋಜನೆ ದುಬಾರಿ ವೈದ್ಯಪತ್ರಿಕೆಗಳನ್ನು ಬಡ ದೇಶಗಳ ಸಂಸ್ಥೆಗಳಿಗೆ ಒದಗಿಸಿತು. ಆದರೂ ಹೊರಗಿನವರು ಬಂದಿಳಿದು, ರಕ್ತ–ಚರ್ಮದ ಮಾದರಿ ಸಂಗ್ರಹಿಸಿ, ತಮ್ಮ ಹೆಸರಿನಲ್ಲಿ ಬರೆದುಕೊಳ್ಳುವ ಚಾಳಿ ಪೂರ್ತಿ ಹೋಗಿಲ್ಲ. ಅದಕ್ಕೆ ‘ಹೆಲಿಕಾಪ್ಟರ್ ಸಂಶೋಧನೆ’ ಎಂಬ ಚುಚ್ಚುಮಾತೇ ಹುಟ್ಟಿಕೊಂಡಿದೆ. ಬರೆಯುವವರು ಯಾರೆಂಬುದು ಬರೀ ಕೀರ್ತಿಯ ಪ್ರಶ್ನೆಯಲ್ಲ. ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕೆಂಬುದನ್ನೂ ಅದು ನಿರ್ಧರಿಸುತ್ತದೆ. ಹಂಚುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಳ್ಳಿಯನ್ನು ಬಲ್ಲವರಿಂದಲೇ.

2025ರ ಜನವರಿಯಲ್ಲಿ ನೈಜರ್ ದೇಶ ಹೊಳೆಗುರುಡಿನಿಂದ ಮುಕ್ತವಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಆಫ್ರಿಕಾದಲ್ಲಿ ಈ ಸಾಧನೆ ಮಾಡಿದ ಮೊದಲ ದೇಶವದು. ಇಂಥ ಮನ್ನಣೆಗೆ ಪ್ರತಿ ಹೊಳೆ, ಪ್ರತಿ ಊರಿನ ಪುರಾವೆಗಳನ್ನು ಕಲೆಹಾಕಿ ಕಡತ ಸಲ್ಲಿಸಬೇಕಾದುದು ಆಯಾ ದೇಶವೇ. 1875ರಲ್ಲಿ ಪರದೇಶದ ವೈದ್ಯನ ಲೇಖನಿಯಿಂದ ಆರಂಭವಾದ ಬರಹದ ಕೊನೆಯ ಪುಟವನ್ನು ಹೊಳೆದಂಡೆಯವರೇ ಬರೆಯತೊಡಗಿದ್ದಾರೆ.